ಹಳೆಯ ಕಾರಿಗೆ ಯಾವ ಎಣ್ಣೆ?

ಬೆಳಗಿನ ಜಾವ ಅವಲಪಲ್ಲಿಯ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೊಸೂರಿನ ಕಡೆಗೆ ಎಷ್ಟೊಂದು ಗಾಡಿಗಳು ಹೋಗುತ್ತವೆ! ಹೂವಿನ ಮೂಟೆ ಹೊತ್ತ ಓಮ್ನಿ. ಫ್ಯಾಕ್ಟರಿಗೆ ಜನರನ್ನು ಕರೆದುಕೊಂಡು ಹೋಗುವ ಟಾಟಾ ಸುಮೊ. ಮಗಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟ ಮಾರುತಿ 800. ಇವುಗಳಲ್ಲಿ ಹೊಸವು ಕಡಿಮೆ. ಮಾರುತಿ 800 ರಸ್ತೆಗೆ ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಓಮ್ನಿ 1984ರಲ್ಲಿ ಬಂತು, 2019ರಲ್ಲಿ ನಿಂತಿತು. ಸುಮೊ ಕೂಡ ಈಗ ಹೊಸದು ಸಿಗುವುದಿಲ್ಲ. ಅಂದರೆ ನಮ್ಮೂರಲ್ಲಿ ಓಡುವ ಇಂಥ ಗಾಡಿಗಳೆಲ್ಲ ವಯಸ್ಸಾದವು. ಒಂದು ಲಕ್ಷ, ಎರಡು ಲಕ್ಷ ಕಿಲೋಮೀಟರ್ ಓಡಿದವು. ಆದರೂ ಎಷ್ಟೋ ಮನೆಗಳ ಅನ್ನ ಇವುಗಳ ಮೇಲೇ ನಿಂತಿದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯ ಮಾತು ಹೇಳುತ್ತೇನೆ. ಅವರ ಯಜಮಾನರದ್ದು ಒಂದು ಹಳೆಯ ಓಮ್ನಿ. ಅದರಲ್ಲಿ ಹೂವು ಸಾಗಿಸುತ್ತಾರೆ. ಗಾಡಿ ಸ್ವಲ್ಪ ನೀಲಿ ಹೊಗೆ ಬಿಡುತ್ತಿತ್ತು. ಯಾವ ಎಣ್ಣೆ ಹಾಕೋದು ಅಂತ ಮನೆಯಲ್ಲಿ ಒಂದು ತಿಂಗಳು ಚರ್ಚೆ. ಬಾವಮೈದ ಒಂದು ಕಂಪನಿ ಹೇಳಿದ. ಪಕ್ಕದ ಮನೆಯವರು ಇನ್ನೊಂದು ಹೇಳಿದರು. ಅಂಗಡಿಯವರು ಎಲ್ಲಕ್ಕಿಂತ ಹೆಚ್ಚಿನ ರೇಟಿನದು ತೋರಿಸಿದರು. ಕೊನೆಗೆ ಸಾಲ ಮಾಡಿ ಒಳ್ಳೆಯ ಎಣ್ಣೆಯನ್ನೇ ಹಾಕಿಸಿದರು. ಅದಾಗಿ ನಾಲ್ಕು ತಿಂಗಳಿಗೆ ಶೂಲಗಿರಿ ಹತ್ತಿರ ಗಾಡಿಯ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ‘ಇನ್ನೇನು ಮನೆ ಬಂತಲ್ಲ’ ಅಂದುಕೊಂಡು ಓಡಿಸಿದರು. ಮನೆ ಬರಲಿಲ್ಲ, ಎಂಜಿನ್ ಜಾಮ್ ಆಯಿತು. ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: “ಹಾಕಿದ್ದು ಒಳ್ಳೇ ಎಣ್ಣೇನೇ ಅಣ್ಣಾ. ಆದ್ರೆ ಒಳಗೆ ಎಣ್ಣೇನೇ ಇರ್ಲಿಲ್ವಲ್ಲ!”

ಆ ವರ್ಷದ ಹೂವಿನ ದುಡ್ಡೆಲ್ಲ ಎಂಜಿನ್ನಿಗೇ ಹೋಯಿತು. ಅಕ್ಕ ಎರಡು ವಾರ ಕೇಂದ್ರಕ್ಕೆ ಬರಲಿಲ್ಲ. ಬಂದಾಗ ಖಾಲಿ ಡಬ್ಬ ತಂದು ನನ್ನ ಮುಂದೆ ಇಟ್ಟರು. “ಇದ್ರ ಮೇಲೆ ಏನೇನೋ ಬರ್ದವ್ರಲ್ಲ ಮೇಡಂ, ಅದು ಏನು ಅಂತ ಹೇಳ್ಕೊಡಿ” ಅಂದರು. ಅವತ್ತಿನ ಪಾಠ ಅದೇ ಆಯಿತು. ಆ ಪಾಠವನ್ನೇ ಇಲ್ಲಿ ನಿಮಗೂ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ನಮ್ಮ ಅಪ್ಪನ 800 ಕಾರನ್ನು ನೋಡಿಕೊಳ್ಳುತ್ತಾ, ಕೇಳುತ್ತಾ, ಓದುತ್ತಾ ಕಲಿತದ್ದು ಇದು.

ಎಣ್ಣೆ ಮಾಡುವ ಕೆಲಸ

ಎಂಜಿನ್ನಿನ ಒಳಗೆ ಕಬ್ಬಿಣದ ಮೇಲೆ ಕಬ್ಬಿಣ ಓಡಾಡುತ್ತದೆ. ಒಂದು ನಿಮಿಷಕ್ಕೆ ಸಾವಿರಾರು ಸುತ್ತು. ಎರಡರ ನಡುವೆ ಎಣ್ಣೆಯ ತೆಳು ಪೊರೆ ಇದ್ದರೆ ಅವು ಒಂದಕ್ಕೊಂದು ಉಜ್ಜುವುದಿಲ್ಲ. ಪೊರೆ ಹರಿದರೆ ಉಜ್ಜುತ್ತವೆ, ಕಾಯುತ್ತವೆ, ಕೊನೆಗೆ ಅಂಟಿಕೊಳ್ಳುತ್ತವೆ. ಜಾಮ್ ಆಗೋದು ಅಂದರೆ ಇದೇ. ಎಣ್ಣೆಗೆ ಇನ್ನೂ ಕೆಲಸಗಳಿವೆ. ಬಿಸಿಯನ್ನು ಹೊತ್ತು ತರುತ್ತದೆ. ಒಳಗಿನ ಮಸಿ, ಕೊಳೆ ತೊಳೆದು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಹಿಡಿಯದಂತೆ ಕಾಯುತ್ತದೆ.

ಹೊಸ ಎಂಜಿನ್ನಿನಲ್ಲಿ ಬೇರಿಂಗಿನ ಸಂದು ನಮ್ಮ ತಲೆಕೂದಲಿಗಿಂತ ತೆಳ್ಳಗಿರುತ್ತದೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೆ ಸಂದು ದೊಡ್ಡದಾಗುತ್ತದೆ. ಪಿಸ್ಟನ್ ರಿಂಗು ಸವೆಯುತ್ತದೆ. ರಬ್ಬರಿನ ಸೀಲುಗಳು ಹಳೆಯ ಚಪ್ಪಲಿಯಂತೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಆಗ ಎರಡು ತೊಂದರೆ ಬರುತ್ತವೆ. ಎಣ್ಣೆ ರಿಂಗು ದಾಟಿ ಮೇಲೆ ಹೋಗಿ ಪೆಟ್ರೋಲಿನ ಜೊತೆ ಉರಿಯುತ್ತದೆ. ಇಲ್ಲವಾದರೆ ಸೀಲಿನಿಂದ ಹೊರಗೆ ತೊಟ್ಟಿಕ್ಕುತ್ತದೆ. ಎರಡರಲ್ಲಿ ಯಾವುದಾದರೂ ಒಳಗಿನ ಎಣ್ಣೆ ಕಡಿಮೆ ಆಗುತ್ತಾ ಹೋಗುತ್ತದೆ. ಆ ಅಕ್ಕನ ಮನೆಯ ಓಮ್ನಿಯಲ್ಲಿ ಆದದ್ದೂ ಇದೇ.

ಡಬ್ಬದ ಮೇಲಿನ ಅಂಕಿ

ಎಣ್ಣೆ ಡಬ್ಬವನ್ನು ಕೈಗೆ ತೆಗೆದುಕೊಳ್ಳಿ. ಹೆಚ್ಚಾಗಿ ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತದೆ. ಹೆದರಬೇಡಿ. ಅಂಕಿಗಳು ನಿಮಗೆ ಗೊತ್ತು. ಬಸ್ಸಿನ ನಂಬರು, ಫೋನಿನ ನಂಬರು ಓದುತ್ತೀರಲ್ಲ, ಅವೇ ಅಂಕಿಗಳು. ದೊಡ್ಡದಾಗಿ 20ಡಬ್ಲ್ಯೂ-40 ಅಂತಲೋ, 15ಡಬ್ಲ್ಯೂ-40 ಅಂತಲೋ, 10ಡಬ್ಲ್ಯೂ-30 ಅಂತಲೋ ಬರೆದಿರುತ್ತದೆ. ನಡುವೆ ಇರುವ ಡಬ್ಲ್ಯೂ ಅನ್ನುವ ಅಕ್ಷರ ಎರಡು ಹಳ್ಳ ಪಕ್ಕಪಕ್ಕ ತೋಡಿದ ಹಾಗೆ ಕಾಣುತ್ತದೆ. ಅದನ್ನು ಗುರುತು ಹಿಡಿದರೆ ಅರ್ಧ ಕೆಲಸ ಆದ ಹಾಗೆ.

ಈ ಅಂಕಿಗಳು ಎಣ್ಣೆಯ ಮಂದವನ್ನು ಹೇಳುತ್ತವೆ. ಮಂದ ಅಂದರೆ ಏನು? ಹರಳೆಣ್ಣೆಯನ್ನೂ ಕಡಲೆಕಾಯಿ ಎಣ್ಣೆಯನ್ನೂ ಎರಡು ಲೋಟದಿಂದ ಒಟ್ಟಿಗೆ ಬಗ್ಗಿಸಿ ನೋಡಿ. ಹರಳೆಣ್ಣೆ ನಿಧಾನ, ಕಡಲೆಕಾಯಿ ಎಣ್ಣೆ ಬೇಗ. ಹರಳೆಣ್ಣೆ ಮಂದ, ಅದಕ್ಕೇ ನಿಧಾನ. ಇನ್ನೊಂದನ್ನೂ ನೀವು ಅಡುಗೆಮನೆಯಲ್ಲಿ ನೋಡಿದ್ದೀರಿ. ಯಾವ ಎಣ್ಣೆಯಾದರೂ ಬಾಣಲೆಯಲ್ಲಿ ಕಾದರೆ ನೀರಿನ ಹಾಗೆ ತೆಳುವಾಗುತ್ತದೆ. ಎಂಜಿನ್ನಿನ ಎಣ್ಣೆಗೂ ಹೀಗೇ ಆಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಮಂದ, ಗಾಡಿ ಓಡಿ ಕಾದ ಮೇಲೆ ತೆಳು.

(ಹರಳೆಣ್ಣೆ ಅಂದಾಗ ನೆನಪಾಯಿತು. ಮೊದಲನೇ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್ನಿಗೆ ನಮ್ಮ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಅನ್ನುವ ಕಂಪನಿಯ ಹೆಸರು ಬಂದದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬ ಪದದಿಂದಲೇ. ಈಗ ಅದರಲ್ಲಿ ಹರಳೆಣ್ಣೆ ಹುಡುಕಬೇಡಿ.)

ಡಬ್ಲ್ಯೂ ಮುಂಚೆ ಇರುವ ಅಂಕಿ ಚಳಿಯ ಲೆಕ್ಕ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಈ ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ಎಣ್ಣೆ ಸುಲಭವಾಗಿ ಹರಿಯುತ್ತದೆ. ಇದು ಡಿಗ್ರಿ ಅಲ್ಲ, ತರಗತಿಯ ಹಾಗೆ ಒಂದು ನಂಬರು ಅಷ್ಟೆ. 20ಡಬ್ಲ್ಯೂ ಎಣ್ಣೆಯನ್ನು ಪರೀಕ್ಷೆ ಮಾಡುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ. ಅಲ್ಲಿ ನೀರು ಕಲ್ಲಾಗಿರುತ್ತದೆ. ಹೊಸೂರು ಎತ್ತರದ ಊರು, ಮಾರ್ಗಶಿರದಲ್ಲಿ ಬೆಳಿಗ್ಗೆ ನಡುಗುತ್ತೀವಿ ನಿಜ. ಆದರೂ ಅಂಥ ಚಳಿ ನಮಗೆ ಎಲ್ಲಿ ಬಂತು? ಹಾಗಾಗಿ ನಮ್ಮ ಕಡೆಗೆ 20ಡಬ್ಲ್ಯೂ, 15ಡಬ್ಲ್ಯೂ ಎರಡೂ ನಡೆಯುತ್ತವೆ. ಬೆಳಿಗ್ಗೆ ನಾಲ್ಕಕ್ಕೇ ಗಾಡಿ ಸ್ಟಾರ್ಟ್ ಮಾಡುವವರಿಗೆ 15ಡಬ್ಲ್ಯೂ ಸ್ವಲ್ಪ ಮೇಲು. ಎಣ್ಣೆ ಬೇಗ ಮೇಲೇರುತ್ತದೆ.

ಡಬ್ಲ್ಯೂ ಆದ ಮೇಲೆ ಬರುವ ಅಂಕಿ ಬಿಸಿಯ ಲೆಕ್ಕ. ಇದನ್ನು 100 ಡಿಗ್ರಿ ಬಿಸಿಯಲ್ಲಿ ಅಳೆಯುತ್ತಾರೆ. ನೀರು ಕುದಿಯುವ ಬಿಸಿ ಅದು. 30 ತೆಳು, 40 ಅದಕ್ಕಿಂತ ಮಂದ, 50 ಇನ್ನೂ ಮಂದ. ಹಳೆಯ ಕಾರಿನವರು ಹೆಚ್ಚು ಗಮನ ಕೊಡಬೇಕಾದದ್ದು ಈ ಎರಡನೇ ಅಂಕಿಗೆ.

ಹಾವು ಮತ್ತು ಮುರಿದ ಬಳೆ

ಅಂಕಿ ಆಯಿತು. ಇನ್ನು ಎರಡು ಅಕ್ಷರಗಳು. ಡಬ್ಬದ ಹಿಂದೆ ಎಪಿಐ ಅಂತ ಬರೆದು ಪಕ್ಕದಲ್ಲಿ ಎಸ್‌ಎಲ್, ಎಸ್‌ಎನ್, ಎಸ್‌ಪಿ ಅಂತಲೋ, ಸಿಎಚ್-4, ಸಿಐ-4 ಅಂತಲೋ ಇರುತ್ತದೆ. ಮೊದಲ ಅಕ್ಷರ ನೋಡಿ. ಹಾವಿನ ಹಾಗೆ ಬಳುಕಿದ ಅಕ್ಷರ ಎಸ್. ಅದು ಪೆಟ್ರೋಲ್ ಗಾಡಿಗೆ. ಮುರಿದ ಬಳೆಯ ಹಾಗಿರುವ ಅಕ್ಷರ ಸಿ. ಅದು ಡೀಸೆಲ್ ಗಾಡಿಗೆ. ಕೆಲವು ಡಬ್ಬಗಳಲ್ಲಿ ಎರಡೂ ಇರುತ್ತವೆ. ಅಂಥದನ್ನು ಎರಡಕ್ಕೂ ಹಾಕಬಹುದು.

ಎಸ್ ಆದ ಮೇಲೆ ಬರುವ ಅಕ್ಷರ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆಯ ಗುಣಮಟ್ಟ ಹೊಸ ಕಾಲದ್ದು. ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹಳೆಯ ಪೆಟ್ರೋಲ್ ಕಾರಿಗೆ ಹೊಸ ಮಟ್ಟದ ಎಣ್ಣೆ ಹಾಕಬಹುದು. ಹೊಸ ಕಾರಿಗೆ ಹಳೆಯ ಮಟ್ಟದ ಎಣ್ಣೆ ಹಾಕಬಾರದು. ಎಸ್‌ಎಚ್ ಮತ್ತು ಅದಕ್ಕಿಂತ ಹಿಂದಿನವನ್ನು ಎಪಿಐ ಸಂಸ್ಥೆಯೇ ಕೈಬಿಟ್ಟಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಇನ್ನೊಂದು ಗುರುತು 4ಟಿ. ಇದು ಮೋಟರ್ ಸೈಕಲ್ಲಿನ ಎಣ್ಣೆ. ಇದರಲ್ಲೂ 20ಡಬ್ಲ್ಯೂ-40 ಅಂತ ಇರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಬೈಕಿನಲ್ಲಿ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ, ಆದ್ದರಿಂದ ಅದರ ಎಣ್ಣೆಯನ್ನು ಬೇರೆ ರೀತಿ ಮಾಡಿರುತ್ತಾರೆ. ಕಾರಿನ ಎಣ್ಣೆಯನ್ನು ಬೈಕಿಗೆ ಹಾಕಿದರೆ ಕ್ಲಚ್ಚು ಜಾರಬಹುದು. ಕಾರಿಗೆ ಕಾರಿನದು, ಬೈಕಿಗೆ ಬೈಕಿನದು. 2ಟಿ ಅಂತ ಇದ್ದರೆ ಅದು ಹಳೆಯ ಸ್ಕೂಟರುಗಳಲ್ಲಿ ಪೆಟ್ರೋಲಿಗೆ ಬೆರೆಸಿ ಉರಿಸುವ ಎಣ್ಣೆ. ಅದನ್ನು ಕಾರಿನ ಎಂಜಿನ್ನಿಗೆ ಸುರಿಯಲೇಬೇಡಿ.

ಹಾಗಾದರೆ ಯಾವುದು?

ಮೊದಲು ಗಾಡಿಯ ಪುಸ್ತಕ ನೋಡಿ. ಕಾರು ಕೊಂಡಾಗ ಕೊಡುವ ಸಣ್ಣ ಪುಸ್ತಕ ಅದು. ಎಣ್ಣೆಯ ಪುಟದಲ್ಲಿ ಅಂಕಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗೆ ಪುಸ್ತಕ ಎಲ್ಲಿಂದ ಬರಬೇಕು ಅಂತೀರಾ? ನಿಜ. ಆಗ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಗಾಡಿಯ ಹೆಸರು, ವರ್ಷ ಹೇಳಿ ಕೇಳಿ, ಬರೆಸಿಕೊಳ್ಳಿ. ಹಳೆಯ ಕಾಲದ ಪೆಟ್ರೋಲ್ ಗಾಡಿಗಳಿಗೆ ನಮ್ಮ ಕಡೆ 20ಡಬ್ಲ್ಯೂ-40 ಬಳಸುವುದು ವಾಡಿಕೆ. ಸುಮೊದಂಥ ಹಳೆಯ ಡೀಸೆಲ್ ಗಾಡಿಗಳಿಗೆ ಸಿಎಚ್-4 ಅಥವಾ ಸಿಐ-4 ಮಟ್ಟದ 15ಡಬ್ಲ್ಯೂ-40.

ಎಂಜಿನ್ನು ಹೊಗೆ ಬಿಡದೆ, ಎಣ್ಣೆ ತಿನ್ನದೆ ಸರಿಯಾಗಿ ಓಡುತ್ತಿದ್ದರೆ ಪುಸ್ತಕದ ಅಂಕಿಯನ್ನೇ ಹಾಕಿ. ಎರಡು ಲಕ್ಷ ಕಿಲೋಮೀಟರ್ ಓಡಿದ್ದರೂ ಸರಿಯೇ. ‘ಹಳೇ ಗಾಡಿ, ಮಂದ ಎಣ್ಣೆ ಹಾಕಿ’ ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಅರ್ಧ ನಿಜ. ಎಂಜಿನ್ ಹೆಚ್ಚು ಸವೆಯುವುದು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಗಳಿಗೆಯಲ್ಲಿ, ಎಣ್ಣೆ ಇನ್ನೂ ಮೇಲಿನವರೆಗೆ ಏರಿರದ ಹೊತ್ತಿನಲ್ಲಿ. ಎಣ್ಣೆ ತೀರಾ ಮಂದವಾದರೆ ಏರುವುದು ಇನ್ನೂ ತಡ. ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಎಣ್ಣೆ ಕಡಿಮೆಯಾಗುತ್ತಿದ್ದರೆ, ನೀಲಿ ಹೊಗೆ ಕಾಣುತ್ತಿದ್ದರೆ, ಎಂಜಿನ್ ಕಾದು ನಿಂತಾಗ ಕೆಂಪು ದೀಪ ಮಿಣುಕಿದರೆ, ಆಗ ಮೆಕ್ಯಾನಿಕ್ಕನ್ನು ಕೇಳಿ ಒಂದು ಮೆಟ್ಟಿಲು ಮಂದ ಮಾಡಬಹುದು. 30 ಇದ್ದದ್ದು 40, ಅಥವಾ 40 ಇದ್ದದ್ದು 50. ಒಂದೇ ಮೆಟ್ಟಿಲು. ದೊಡ್ಡದಾದ ಸಂದಿನಲ್ಲಿ ಸ್ವಲ್ಪ ಮಂದ ಎಣ್ಣೆ ಚೆನ್ನಾಗಿ ನಿಲ್ಲುತ್ತದೆ, ಉರಿಯುವುದೂ ಕಡಿಮೆಯಾಗುತ್ತದೆ. ಕೃಷ್ಣಗಿರಿಯಿಂದ ಹೊಸೂರಿಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಲೋಡು ಹಾಕಿಕೊಂಡು ಏರು ಹತ್ತುವ ಗಾಡಿಗಳಿಗೆ ಬೇಸಿಗೆಯಲ್ಲಿ ಇದರ ಗುಣ ಗೊತ್ತಾಗುತ್ತದೆ. ಆದರೆ ಇದರಿಂದ ಸವೆದ ರಿಂಗು ಮತ್ತೆ ಬೆಳೆಯುವುದಿಲ್ಲ. ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡ ಹಾಗೆ, ಸ್ವಲ್ಪ ದಿನ ನಡೆಸುತ್ತದೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಹತ್ತಿರ ಎಣ್ಣೆ ತಿನ್ನುತ್ತಿದ್ದರೆ ಡಬ್ಬ ಬದಲಾಯಿಸಿ ಪ್ರಯೋಜನವಿಲ್ಲ. ಎಂಜಿನ್ ಬಿಚ್ಚಿಸುವ ಮಾತು ಆಡಬೇಕು.

ಹೊಗೆಯ ಬಣ್ಣವನ್ನೂ ನೋಡಿಕೊಳ್ಳಿ. ನೀಲಿ ಹೊಗೆ ಎಣ್ಣೆ ಉರಿಯುವುದರ ಗುರುತು. ಕಪ್ಪು ಹೊಗೆ ಪೆಟ್ರೋಲ್ ಅಥವಾ ಡೀಸೆಲ್ ಹೆಚ್ಚಾಗಿ ಹೋಗುತ್ತಿರುವುದರದ್ದು, ಅದಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಆವಿಗೆ ಗಾಬರಿ ಬೇಡ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ನೀರು ಒಳಗೆ ಹೋಗುತ್ತಿರಬಹುದು.

ಈಗ ಕೆಲವು ಡಬ್ಬಗಳ ಮೇಲೆ ‘ಹೈ ಮೈಲೇಜ್’ ಅಂತ ಇರುತ್ತದೆ. ನಮ್ಮಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತೆ ಅಂತ. ಇದನ್ನು ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಂದುಕೊಂಡು ಕೊಂಡವರಿದ್ದಾರೆ. ಇಲ್ಲಿ ಅದರ ಅರ್ಥ ಬೇರೆ. ಬಹಳ ದೂರ ಓಡಿ ಹಳೆಯದಾದ ಎಂಜಿನ್ನಿಗೆ ಅಂತ ಅರ್ಥ. ಅಮೆರಿಕದಲ್ಲಿ ವಾಲ್ವೊಲಿನ್ ಕಂಪನಿ 2000ದಲ್ಲಿ ಇಂಥ ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು. ಸುಮಾರು 1,20,000 ಕಿಲೋಮೀಟರ್ ದಾಟಿದ ಗಾಡಿಗಳಿಗೆ ಅದು. ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುವ ವಸ್ತು ಇದರಲ್ಲಿ ಇರುತ್ತದೆ. ಸಣ್ಣ ಸೋರಿಕೆ ಕಡಿಮೆಯಾಗಬಹುದು. ಹರಿದೇ ಹೋದ ಸೀಲಿಗೆ ಇದು ಮದ್ದಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಸಿಕ್ಕಿದರೆ, ಅಂಕಿ ನಿಮ್ಮ ಗಾಡಿಗೆ ಹೊಂದಿದರೆ, ಬೆಲೆ ಕೈಗೆಟಕಿದರೆ ಹಾಕಿ. ಸಿಗಲಿಲ್ಲ ಅಂತ ಚಿಂತೆ ಬೇಡ.

ಸಿಂಥೆಟಿಕ್ ಬಗ್ಗೆಯೂ ಕೇಳುತ್ತೀರಿ. ಸಾಮಾನ್ಯ ಎಣ್ಣೆಯನ್ನು ಮಿನರಲ್ ಅನ್ನುತ್ತಾರೆ. ಸಿಂಥೆಟಿಕ್ಕನ್ನು ಹೆಚ್ಚು ಸಂಸ್ಕರಿಸಿ, ಕಾರ್ಖಾನೆಯಲ್ಲಿ ಕಟ್ಟಿ ತಯಾರಿಸುತ್ತಾರೆ. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಜೋರು. ಅದನ್ನು ಹಾಕಿದರೆ ಹಳೆಯ ಎಂಜಿನ್ ಸೋರುತ್ತದೆ ಅಂತ ಹೇಳುವುದುಂಟು. ಅದು ಹೊಸದಾಗಿ ತೂತು ಮಾಡುವುದಿಲ್ಲ. ಜಿಡ್ಡು ಕಟ್ಟಿ ಮುಚ್ಚಿದ್ದ ಬಿರುಕು ತೊಳೆದು ಹೋದಾಗ ಸೋರಿಕೆ ಕಾಣಿಸಬಹುದು, ಅಷ್ಟೆ. ನನ್ನ ಅಭಿಪ್ರಾಯ ಕೇಳಿದರೆ, ಎಣ್ಣೆ ತಿನ್ನುವ ಗಾಡಿಗೆ ದುಬಾರಿ ಸಿಂಥೆಟಿಕ್ ಹಾಕಿ ಹೊಗೆಯಾಗಿ ಬಿಡುವುದು ದಂಡ. ಆ ದುಡ್ಡಿನಲ್ಲಿ ಒಳ್ಳೆಯ ಮಿನರಲ್ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ, ಜೊತೆಗೆ ಫಿಲ್ಟರನ್ನೂ ಹಾಕಿಸಿ.

ಮೀಟರನ್ನು ಪೂರ್ತಿ ನಂಬಬೇಡಿ. ಕೆಲವು ಹಳೆಯ ಗಾಡಿಗಳ ಮೀಟರಿನಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಮೀಟರು 38,000 ತೋರಿಸಿದರೆ ನಿಜಕ್ಕೂ ಓಡಿದ್ದು 1,38,000 ಇರಬಹುದು. ಹೊಗೆ, ಸೋರಿಕೆ, ಶಬ್ದ ನೋಡಿ ತೀರ್ಮಾನ ಮಾಡಿ.

ಕೊಳ್ಳುವಾಗ, ಹಾಕಿಸುವಾಗ

ಬ್ಯಾರೆಲ್ಲಿನಿಂದ ಬಗ್ಗಿಸಿ ಕೊಡುವ ಬಿಡಿ ಎಣ್ಣೆ ಬೇಡ. ಒಮ್ಮೆ ಬಳಸಿದ್ದನ್ನು ಸೋಸಿ ಮಾರಿದರೂ ನಮಗೆ ಗೊತ್ತಾಗುವುದಿಲ್ಲ. ಡಬ್ಬದ ಸೀಲು ಒಡೆದಿರಬಾರದು. ತಯಾರಾದ ತಿಂಗಳು, ವರ್ಷ, ಬ್ಯಾಚ್ ನಂಬರು, ಎಂಆರ್‌ಪಿ ಬೆಲೆ ಅಚ್ಚಾಗಿರಬೇಕು. ಓದಿ. ಅಂಗಡಿಯವರು ತಮಿಳಿನಲ್ಲಿ ಮಾತಾಡಲಿ, ತೆಲುಗಿನಲ್ಲಿ ಮಾತಾಡಲಿ, ಬಿಲ್ ಕೇಳಿ ತೆಗೆದುಕೊಳ್ಳಿ. ಎಣ್ಣೆ ಹಾಕಿಸಿದ ಮೇಲೆ ಖಾಲಿ ಡಬ್ಬವನ್ನು ಅಲ್ಲೇ ಬಿಟ್ಟು ಬರಬೇಡಿ. ಮೊಳೆಯಿಂದ ತೂತು ಮಾಡಿ. ಇಲ್ಲದಿದ್ದರೆ ಅದೇ ಡಬ್ಬದಲ್ಲಿ ಕೊಳಕು ಎಣ್ಣೆ ತುಂಬಿ ಯಾರಾದರೂ ಮಾರಬಹುದು.

ಹಳೆಯ ಎಣ್ಣೆ ಇಳಿಸಿದ ಮೇಲೆ ಕೆಲವರು ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಾಕಿ ಎಂಜಿನ್ ತೊಳೆಯುತ್ತಾರೆ. ಹಳೆಯ ಎಂಜಿನ್ನಿಗೆ ಇದು ಅಪಾಯ. ವರ್ಷಗಳಿಂದ ಅಂಟಿದ್ದ ಜಿಡ್ಡು ಒಮ್ಮೆಗೇ ಕಳಚಿ ಎಣ್ಣೆ ಹೀರುವ ಜಾಲರಿಗೆ ಹೋಗಿ ಕೂರುತ್ತದೆ. ಆಮೇಲೆ ಎಣ್ಣೆ ಮೇಲೇರುವುದಿಲ್ಲ. ‘ತೊಳೆಯೋದು ಬೇಡ ಅಣ್ಣಾ, ಹಾಗೇ ಪೂರ್ತಿ ಇಳಿಸಿ’ ಅಂತ ಹೇಳಿ. ಸ್ವಲ್ಪ ಓಡಿಸಿ ಬೆಚ್ಚಗಿದ್ದಾಗ ಇಳಿಸಿದರೆ ಕೊಳೆ ತಾನೇ ಬರುತ್ತದೆ.

800, ಓಮ್ನಿಯಂಥ ಗಾಡಿಗೆ ಸುಮಾರು ಎರಡೂವರೆಯಿಂದ ಮೂರು ಲೀಟರ್ ಹಿಡಿಯುತ್ತದೆ. ಡಬ್ಬ ತಂದಿದ್ದೀವಿ ಅಂತ ಪೂರ್ತಿ ಸುರಿಯಬಾರದು. ಎಣ್ಣೆ ಹೆಚ್ಚಾದರೂ ಕೆಡುಕು, ಒಳಗೆ ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ನೊರೆ ಎಣ್ಣೆ ಕಬ್ಬಿಣವನ್ನು ಕಾಯುವುದಿಲ್ಲ.

ಹಳೆಯ ಗಾಡಿಗಳಿಗೆ ಐದು ಸಾವಿರ ಕಿಲೋಮೀಟರಿಗೆ ಒಮ್ಮೆ ಬದಲಾಯಿಸುವುದು ವಾಡಿಕೆ. ಅಷ್ಟು ಓಡದಿದ್ದರೂ ವರ್ಷಕ್ಕೆ ಒಮ್ಮೆ ಬದಲಾಯಿಸಿ. ಬರೀ ಅಂಗಡಿಗೆ, ಶಾಲೆಗೆ ಅಂತ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಯ ಎಣ್ಣೆ ಬೇಗ ಕೆಡುತ್ತದೆ. ಎಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗಿನ ನೀರಿನಂಶ ಆವಿಯಾಗುವುದಿಲ್ಲ. ಕಪ್ಪಾಯಿತು ಅಂತ ಮಾತ್ರಕ್ಕೆ ಎಣ್ಣೆ ಕೆಟ್ಟಿತು ಅನ್ನಬೇಡಿ. ಡೀಸೆಲ್ ಗಾಡಿಯಲ್ಲಿ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಂಡಿದೆ ಅಂತ ಅರ್ಥ. ಗ್ಯಾಸಿನ ಓಮ್ನಿಯಲ್ಲಿ ಎಣ್ಣೆ ಬಹಳ ದಿನ ತಿಳಿಯಾಗೇ ಕಾಣುತ್ತದೆ, ಆದರೂ ಒಳಗೊಳಗೇ ಹಳೆಯದಾಗಿರುತ್ತದೆ. ಬಣ್ಣ ನಂಬಬೇಡಿ, ಕಿಲೋಮೀಟರ್ ಲೆಕ್ಕ ಇಡಿ. ಒಂದು ಬಣ್ಣ ಮಾತ್ರ ಕೂಡಲೇ ನೋಡಬೇಕಾದದ್ದು: ಎಣ್ಣೆ ಹಾಲು ಹಾಕಿದ ಕಾಫಿಯ ಹಾಗಾಗಿದ್ದರೆ ನೀರು ಸೇರಿದೆ. ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಕರೆಸಿ.

ಇಳಿಸಿದ ಎಣ್ಣೆಯನ್ನು ಏನು ಮಾಡುವುದು? ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ. ಒಂದು ಸಲ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂಸ್ಥೆ ಹೇಳುತ್ತದೆ. ನಮ್ಮ ಕಾನೂನಿನಲ್ಲೂ ಇದು ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಭಾನುವಾರದ ಕೆಲಸ

ಆ ಓಮ್ನಿ ಕಥೆಗೆ ಮತ್ತೆ ಬರೋಣ. ಅಲ್ಲಿ ಎಣ್ಣೆಯ ಆಯ್ಕೆ ತಪ್ಪಾಗಿರಲಿಲ್ಲ. ಹಾಕಿಸಿದ ಮೇಲೆ ನಾಲ್ಕು ತಿಂಗಳು ಯಾರೂ ಒಳಗೆ ನೋಡಿರಲಿಲ್ಲ. ಗಾಡಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಣ್ಣೆ ತಿನ್ನುತ್ತಲೇ ಇತ್ತು.

ನೋಡುವುದು ಕಷ್ಟವಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ, 800ರಲ್ಲಿ ಬಾನೆಟ್ಟಿನ ಕೆಳಗೆ. ಅಲ್ಲಿ ಉಂಗುರದ ಹಿಡಿ ಇರುವ ಉದ್ದ ಕಡ್ಡಿ ಇರುತ್ತದೆ. ಅದೇ ಡಿಪ್‌ಸ್ಟಿಕ್. ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ತುದಿಯಲ್ಲಿ ಎರಡು ಗೆರೆ ಅಥವಾ ಎರಡು ಚುಕ್ಕೆ. ಎಣ್ಣೆ ಎರಡರ ನಡುವೆ ಇರಬೇಕು. ಕೆಳಗಿನ ಗೆರೆಯ ಹತ್ತಿರ ಬಂದಿದ್ದರೆ ಅದೇ ಅಂಕಿಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಮತ್ತೆ ನೋಡಿ. ದಾರಿಯಲ್ಲಿ ಅದೇ ಎಣ್ಣೆ ಸಿಗಲಿಲ್ಲವೆಂದರೆ ಬೇರೆ ಕಂಪನಿಯದು ಹಾಕಬಹುದು. ಎಣ್ಣೆ ಇಲ್ಲದೆ ಓಡಿಸುವುದಕ್ಕಿಂತ ಬೆರಕೆ ಎಣ್ಣೆ ಎಷ್ಟೋ ಮೇಲು.

ಮುಂದಿನ ಫಲಕದ ಕೆಂಪು ದೀಪವನ್ನೂ ಗುರುತು ಇಟ್ಟುಕೊಳ್ಳಿ. ಗಿಂಡಿಯ ಚಿತ್ರ, ಮೂತಿಯಲ್ಲಿ ಒಂದು ತೊಟ್ಟು. ಕೀ ತಿರುಗಿಸಿದಾಗ ಹತ್ತಿ, ಸ್ಟಾರ್ಟ್ ಆದ ಕೂಡಲೇ ಆರಬೇಕು. ಓಡುವಾಗ ಹತ್ತಿದರೆ ಎಣ್ಣೆಯ ಒತ್ತಡ ಬಿದ್ದಿದೆ ಅಂತ. ಮನೆ ಕಣ್ಣಿಗೆ ಕಾಣುತ್ತಿದ್ದರೂ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬರುವ ಖರ್ಚು ಹೊಸ ಎಂಜಿನ್ನಿನ ಖರ್ಚಿನ ಮುಂದೆ ಏನೂ ಅಲ್ಲ.

ಈಗ ಆ ಮನೆಯಲ್ಲಿ ಭಾನುವಾರ ಕಡ್ಡಿ ಎಳೆದು ನೋಡುವುದು ಅಕ್ಕನೇ. ಯಜಮಾನರು ಮೊದಲು ನಕ್ಕರಂತೆ, ಈಗ ತಾವೇ ಬಟ್ಟೆ ತಂದುಕೊಡುತ್ತಾರೆ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ನಾಲ್ಕು ಕಂಬ ಎಳೆದಿದ್ದಾರೆ: ತಾರೀಕು, ಮೀಟರ್, ಹಾಕಿದ ಎಣ್ಣೆ, ಡಬ್ಬದ ಅಂಕಿ. ಅಕ್ಷರ ಸ್ವಲ್ಪ ಓರೆ, ‘ಮೀಟರ್’ನಲ್ಲಿ ದೀರ್ಘ ಒಮ್ಮೊಮ್ಮೆ ಬಿಟ್ಟು ಹೋಗುತ್ತದೆ. ಅಂಕಿ ಮಾತ್ರ ತಪ್ಪಿಲ್ಲ. ಹೋದ ತಿಂಗಳು ಆ ಹಾಳೆ ನೋಡಿಯೇ ಮೆಕ್ಯಾನಿಕ್ ಹೇಳಿದರಂತೆ, “ಎರಡು ತಿಂಗಳಿಗೆ ಅರ್ಧ ಲೀಟ್ರು ತಿಂದೈತೆ ಅಷ್ಟೇ ಅಕ್ಕಾ. ಈಗಿರೋ 40ನ್ನೇ ಹಾಕ್ಕೊಂಡು ಹೋಗಿ, 50 ಬೇಡ.”

ನಿಮ್ಮ ಗಾಡಿಗೂ ಅಂಥ ಒಂದು ಹಾಳೆ ಮಾಡಿ. ಮೊದಲ ಸಾಲನ್ನು ಈ ಭಾನುವಾರ ಬರೆಯಿರಿ.